ತಗಲಿಸಿದವರೇ ತೆಗೆಯಬೇಕು

ಫೆಬ್ರವರಿ ೧೨, ಗುರುವಾರ

ನನ್ನ ಎಲೆಕ್ಟ್ರಿಷಿಯನ್ ಸಾಹೇಬರಿಗೆ,

ನಿಮ್ಮ ಡಾಕ್ಟ್ರಮ್ಮನ ನಮಸ್ಕಾರ. ಅಲ್ಲಿ ತಲುಪಿದ ಮೇಲೆ ನೀವು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಹಾಕಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಬರೆಯಲು ಕೂರಲಿಲ್ಲ ಎಂದಲ್ಲ. ಕೂತಾಗಲೆಲ್ಲ "ಇಲ್ಲಿ ಎಲ್ಲರೂ ಕ್ಷೇಮ" ಎಂದು ಬರೆದು, ಅದರ ಮುಂದೆ ಪೆನ್ನು ಓಡದೆ ಮಡಿಸಿಟ್ಟೆ. ನಿಮ್ಮ ಕಾಗದವೂ ಅಂಥ ಉದ್ದದ್ದೇನಲ್ಲ ಬಿಡಿ. "ಮಾತ್ರೆ ಮರೆಯಬೇಡ. ಇಲ್ಲಿ ಚಳಿ. ಸ್ವೆಟರ್ ಬಿಟ್ಟು ಬಂದೆ." ಇಷ್ಟೇ. ನೀವು ತಂತಿ ಕೊಡುತ್ತಿದ್ದ ಕಾಲದಲ್ಲಿ ಹುಟ್ಟಬೇಕಿತ್ತು.

ಫೋನಿರುವಾಗ ಕಾಗದ ಏಕೆ ಎನ್ನಬೇಡಿ. ನಿಮ್ಮ ವಿದ್ಯುತ್ ಕೇಂದ್ರದ ಗೇಟಿನಲ್ಲಿ ಮೊಬೈಲು ಇಸಿದುಕೊಳ್ಳುತ್ತಾರೆ. ಸಂಜೆ ಆಫೀಸಿನ ಫೋನಿನಲ್ಲಿ ನೀವು ಮಾತಾಡುವಾಗ ಹಿಂದೆ ಸಾಲು ನಿಂತವರ ಕೆಮ್ಮೂ ನನಗೆ ಕೇಳಿಸುತ್ತದೆ. ನಾನು ಹೇಳಬೇಕಾಗಿರುವುದು ಆ ಸಾಲಿನವರ ಕಿವಿಗೆ ಬೀಳುವಂಥದ್ದಲ್ಲ.

ಮೊದಲು ಸುದ್ದಿ. ಮಗಳ ಪರೀಕ್ಷೆ ಮುಗಿಯಿತು. "ನಾನು ಚೆನ್ನಾಗೇ ಬರ್ದಿದೀನಿ, ತಿದ್ದೋರು ಒಳ್ಳೆಯವ್ರಾಗಿರ್ಬೇಕು ಅಷ್ಟೇ" ಎಂದಳು ಹಾಸ್ಟೆಲಿನಿಂದ. ಬಚ್ಚಲಿನ ನಲ್ಲಿ ಮತ್ತೆ ಸೋರುತ್ತಿದೆ. ನಾನು ಆಸ್ಪತ್ರೆ ಸೇರಿದಾಗಿನಿಂದ ನಮ್ಮಲ್ಲೇ ಇರುವ ನಿಮ್ಮಕ್ಕ ಅದರ ಬಾಯಿಗೆ ಬಟ್ಟೆ ಸುತ್ತಿದ್ದಾರೆ. ಈಗ ಬಟ್ಟೆಯೂ ಸೋರುತ್ತಿದೆ. "ಊರಿಗೆಲ್ಲ ದೀಪ ಹಚ್ತಾನೆ ನನ್ನ ತಮ್ಮ, ಮನೆ ನಲ್ಲಿ ಮಾತ್ರ ಅವನ ಕಣ್ಣಿಗೆ ಕಾಣಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ನಲ್ಲಿ ರಿಪೇರಿ ಎಲೆಕ್ಟ್ರಿಷಿಯನ್ ಕೆಲಸವಲ್ಲ ಎಂದು ನಾನು ನಿಮ್ಮ ಪರ ವಹಿಸಿದೆ. ಈ ಉಪಕಾರ ನೆನಪಿರಲಿ.

ಇನ್ನು ಅಸಲು ವಿಷಯ. ನಿನ್ನೆ ನಿಮ್ಮ ಫೋರ್ಮನ್ ಅಂಗಡಿಗೆ ಬಂದಿದ್ದರು. ನಾಲ್ಕು ದಿನದ ರಜೆಯಂತೆ, ಶನಿವಾರ ವಾಪಸ್ಸಂತೆ. ನಿಮ್ಮ ಸ್ವೆಟರ್ ಇಸಿದುಕೊಂಡು ಹೋಗಲು ಬಂದವರು, ಹೇಗೂ ಕನ್ನಡಕದ ಅಂಗಡಿಗೆ ಬಂದಾಯಿತಲ್ಲ ಎಂದು ಕಣ್ಣನ್ನೂ ತೋರಿಸಲು ಕೂತರು. (ಸ್ವೆಟರಿನ ಮಾತು ಆಮೇಲೆ ಹೇಳುತ್ತೇನೆ.) ನಾನು ಅವರ ಮೂಗಿನ ಮೇಲೆ ಪರೀಕ್ಷೆಯ ಫ್ರೇಮ್ ಕೂರಿಸಿ, ಗಾಜು ಬದಲಿಸುತ್ತಾ, "ಈಗ ಹೇಗಿದೆ? ಈಗ? ಇದು ಸ್ಪಷ್ಟವೋ, ಮೊದಲಿನದೋ?" ಎಂದು ಕೇಳುತ್ತಿದ್ದರೆ, ಅವರು ಗೋಡೆಯ ಅಕ್ಷರ ಬಿಟ್ಟು ನಿಮ್ಮ ಪುರಾಣ ತೆಗೆದರು.

"ನಿಮ್ಮ ಯಜಮಾನ್ರು ಎಂಥ ಆಸಾಮಿ ಅಂತೀನಿ! ಮೊನ್ನೆ ದೊಡ್ಡ ಪಂಪಿನ ಸ್ವಿಚ್ಚಿಗೆ ಕೆಂಪು ಬೋರ್ಡು ತಗಲಿಸಿತ್ತು. ಗೊತ್ತಲ್ಲ, 'ಕೆಲಸ ನಡೀತಿದೆ, ಸ್ವಿಚ್ ಹಾಕಬೇಡಿ' ಅಂತ. ಯಾರು ಕೆಲಸಕ್ಕೆ ಇಳೀತಾರೋ ಅವರೇ ಬೋರ್ಡು ಹಾಕಿ ಅವರದೇ ಬೀಗ ಜಡೀಬೇಕು. ನಾಲ್ಕು ಜನ ಇಳಿದ್ರೆ ನಾಲ್ಕು ಬೀಗ. ಮೂರು ತೆಗೆದ್ರೂ ಇನ್ನೊಂದು ಇದೆ ಅಂದ್ರೆ ಸ್ವಿಚ್ಚು ಮೇಲೇಳಲ್ಲ. ಈ ಬೋರ್ಡು ತಗಲಿಸಿದ ಫಿಟ್ಟರ್ರು ಹಲ್ಲುನೋವು ಅಂತ ಬೀಗದ ಕೈ ಜೇಬಲ್ಲಿಟ್ಕೊಂಡು ಮನೆಗೆ ಹೋಗ್ಬಿಟ್ಟಿದ್ದ. ಕೆಲಸ ಮುಗಿದಿದೆ, ಎಲ್ಲರಿಗೂ ಗೊತ್ತು. ಸಾಹೇಬ್ರು ಬಂದು ಬೀಗ ಒಡೀರಿ ಅಂದ್ರು. ಇವರು ಒಂದು ಕುರ್ಚಿ ಎಳ್ಕೊಂಡು ಬೋರ್ಡಿನ ಮುಂದೆ ಕೂತೇಬಿಟ್ರು! 'ತಗಲಿಸಿದವರೇ ತೆಗೀಬೇಕು ಸಾರ್' ಅಂತ."

ನಾನು ನಕ್ಕೆ. ಅವರು ಮುಂದುವರಿಸಿದರು.

"ನಾನೂ ಹೇಳ್ದೆ, ಹೋಗ್ಲಿ, ಅವನಿಗೊಂದು ಫೋನ್ ಮಾಡಿ ತೆಗೀತೀಯೇನಪ್ಪಾ ಅಂತ ಕೇಳಿ ಅಂತ. ಅದಕ್ಕೂ ಒಪ್ಪಲಿಲ್ಲ. 'ಒಳಗೆ ಏನು ಬಾಕಿ ಇದೆಯೋ ಅವನೊಬ್ಬನಿಗೇ ಗೊತ್ತು. ನಾವು ಕೇಳಿದ್ರೆ ಪಾಪ, ನಮ್ಮ ಮುಲಾಜಿಗೆ ತೆಗೆದುಬಿಡ್ತಾನೆ. ಕೇಳಬಾರದು, ಕಾಯಬೇಕು' ಅಂದ್ರು. ಕೊನೆಗೆ ಫಿಟ್ಟರ್ರೇ ಹಲ್ಲು ಕೀಳಿಸಿಕೊಂಡು, ದವಡೇಲಿ ಹತ್ತಿ ಇಟ್ಕೊಂಡು ಬಂದು ತೆಗೆದ. ಇವರು ಎದ್ದು ಕುರ್ಚಿ ಒಳಗಿಟ್ರು. ಅಷ್ಟೇ."

ನನ್ನ ಕೈ ಹಾಗೇ ನಿಂತುಬಿಟ್ಟಿತ್ತು. "ಅಮ್ಮಾ, ಈಗ ಏನೂ ಕಾಣಿಸ್ತಿಲ್ಲ" ಎಂದರು ಫೋರ್ಮನ್. ನೋಡಿದರೆ ನನ್ನ ಬೆರಳೇ ಅವರ ಕಣ್ಣಿಗೆ ಅಡ್ಡ ಹಿಡಿದಿತ್ತು.

ರೀ, ಆ ದಿನ ನಿಮಗೂ ನೆನಪಿದೆ ಅಲ್ಲವೇ? ರೇಡಿಯೇಷನ್ನಿನ ನಾಲ್ಕನೆಯ ವಾರ. ಕೀಮೋ ಬೇರೆ ಜೊತೆಗಿತ್ತು. ಹೊಟ್ಟೆಯ ಮೇಲೆ ಆಸ್ಪತ್ರೆಯವರು ಹಾಕಿದ ಗೆರೆಗಳು, ಗೆರೆಯ ಕೆಳಗೆಲ್ಲ ಸುಟ್ಟಂತೆ ಉರಿ, ಕೂತರೆ ಉರಿ, ಉಚ್ಚೆ ಹೊಯ್ದರೆ ಉರಿ. ನನ್ನ ಮೈ ವಾಸನೆ ನನಗೇ ಹಿಡಿಸುತ್ತಿರಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನೀವು ಏನೂ ಬಯಸಿ ಬಂದವರಲ್ಲ, ಸುಮ್ಮನೆ ಸೊಂಟದ ಮೇಲೆ ಕೈ ಇಟ್ಟಿರಿ. ನಾನು ಹಾವು ಮುಟ್ಟಿದವಳ ಹಾಗೆ ಕಿರುಚಿದೆ: "ಮುಟ್ಟಬೇಡಿ! ನಾನಾಗಿ ಹೇಳೋವರೆಗೂ ನನ್ನ ಮುಟ್ಟಬೇಡಿ." ನೀವು "ಆಯ್ತು" ಎಂದಿರಿ. ಮರುದಿನ ಮಡಚುವ ಮಂಚ ನಡುಮನೆಗೆ ಬಂತು. "ಅವಳಿಗೆ ಗಾಳಿ ಬೇಕು ಕಣಕ್ಕ" ಎಂದು ನಿಮ್ಮಕ್ಕನಿಗೆ ಹೇಳಿದ್ದು ನನಗೆ ಕೇಳಿಸಿತ್ತು.

ನಾನು ಹೇಳಿದ್ದರಲ್ಲಿ 'ಮುಟ್ಟಬೇಡಿ' ಎಂಬುದು ನನಗೆ ನೆನಪಿತ್ತು. 'ನಾನಾಗಿ ಹೇಳೋವರೆಗೂ' ಎಂಬುದು ಸುಟ್ಟ ಚರ್ಮದ ಜೊತೆಗೇ ಉದುರಿಹೋಗಿತ್ತು. ನಿಮಗೆ ನೆನಪಿದ್ದದ್ದು ಅದೇ. ಚಿಕಿತ್ಸೆ ಮುಗಿಯಿತು, ಉರಿ ನಿಂತಿತು, ಕೂದಲು ದಟ್ಟವಾಯಿತು, ನಾನು ಮತ್ತೆ ಅಂಗಡಿಗೆ ಹೋಗತೊಡಗಿದೆ. ನೀವು ಮಾತ್ರ ನಡುಮನೆಯ ಮಂಚದಲ್ಲೇ. ಇವರಿಗೆ ನಾನು ಬೇಡವಾದೆ ಎಂದು ನಾನು, ಇವಳು ಇನ್ನೂ ಹೇಳಲಿಲ್ಲ ಎಂದು ನೀವು. ನಡುವೆ ಒಂದು ಬಾಗಿಲು, ಅದಕ್ಕೆ ಚಿಲಕ ಕೂಡ ಇರಲಿಲ್ಲ.

ತಪ್ಪಾಯಿತು ಎಂದು ನಾನು ಬರೆಯುವುದಿಲ್ಲ. ಆಗ ಆ ಬೋರ್ಡು ಬೇಕಿತ್ತು. ಇಷ್ಟು ದಿನ ಕುರ್ಚಿ ಹಾಕಿಕೊಂಡು ಕೂತಿದ್ದೀರಲ್ಲ, ಅದಕ್ಕೆ ಮಾತ್ರ ನಿಮ್ಮನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಅಂಗಡಿಗೆ ಹೊತ್ತಾಯಿತು. ಉಳಿದದ್ದು ನಾಳೆ.

ಶುಕ್ರವಾರ

ಮತ್ತೆ ಕೂತಿದ್ದೇನೆ. ನಿಮ್ಮಕ್ಕ ಪಕ್ಕದ ಮನೆಗೆ ಹೋಗಿದ್ದಾರೆ, ಅವರು ಮಾತು ಮುಗಿಸಿ ಬರುವಷ್ಟರಲ್ಲಿ ಒಂದು ಪುಸ್ತಕವನ್ನೇ ಬರೆಯಬಹುದು.

ನೀವು ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ನಾನೇ ಹೇಳಬೇಕಲ್ಲ. ಆಸ್ಪತ್ರೆಯಲ್ಲಿ ಆದ ಕೆಲವು ಸಂಗತಿ ನಿಮಗೆ ಗೊತ್ತಿಲ್ಲ. ಪ್ರತಿ ಸಲ ನಿಮ್ಮಕ್ಕ ಜೊತೆಗೆ ಒಳಗೆ ಬರುತ್ತಿದ್ದರು. ಡಾಕ್ಟರು "ಬೇರೆ ಏನಾದ್ರೂ ತೊಂದರೆ ಇದೆಯಾ?" ಎನ್ನುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆ ನಿಮ್ಮಕ್ಕ, "ಊಟ ಸೇರಲ್ಲ ಡಾಕ್ಟ್ರೇ, ಮಾತು ಕಮ್ಮಿಯಾಗಿದೆ" ಎನ್ನುತ್ತಿದ್ದರು. ಮಾತು ಕಮ್ಮಿಯಾದದ್ದು ಯಾರಿಂದ ಎಂದು ಹೇಳಲಾದೀತೇ? ಗರ್ಭಕಂಠದ ಕ್ಯಾನ್ಸರ್ ಎಂದು ಎಲ್ಲರೂ ಧೈರ್ಯವಾಗಿ ಹೇಳುತ್ತಾರೆ; ಆ ಗರ್ಭಕಂಠಕ್ಕೆ ಹೋಗುವ ದಾರಿಯ ಮಾತು ಬಂದರೆ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ನಾನೂ ಅಷ್ಟೇ. ದಿನವಿಡೀ ಕಂಡಕಂಡವರನ್ನು "ಈಗ ಹೇಗೆ? ಈಗ?" ಎಂದು ಕೇಳುವವಳು, ನನ್ನ ಸರದಿ ಬಂದಾಗ ಬಾಯಿಗೆ ಬೀಗ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ಕೊನೆಗೆ ಕೇಳಿದವರು ಅಲ್ಲಿನ ಹಿರಿಯ ಸಿಸ್ಟರ್. ಒಳಗಿನಿಂದ ಕೊಡುವ ರೇಡಿಯೇಷನ್ ಮುಗಿದು ಮೊದಲ ತಪಾಸಣೆಗೆ ಹೋದ ದಿನ ಅವರು ನಿಮ್ಮಕ್ಕನ ಕೈಗೆ ಒಂದು ಚೀಟಿ ಕೊಟ್ಟು, "ಅಮ್ಮಾ, ಕೆಳಗೆ ಔಷಧಿ ಅಂಗಡೀಲಿ ಇದು ಸಿಗುತ್ತಾ ವಿಚಾರಿಸ್ಕೊಂಡು ಬನ್ನಿ" ಎಂದರು. ನಿಮ್ಮಕ್ಕ ಹೋದದ್ದೇ ಬಾಗಿಲು ಹಾಕಿ, "ಗಂಡ ಹೆಂಡತಿ ಹೇಗಿದೀರಿ?" ಎಂದರು. "ಚೆನ್ನಾಗಿದಾರೆ, ಊಟ ತಿಂಡಿ ಎಲ್ಲ ಸರಿಯಾಗಿ ಮಾಡ್ತಾರೆ" ಎಂದೆ. "ನಾನು ಅವರ ಊಟದ ವಿಷಯ ಕೇಳಲಿಲ್ಲಮ್ಮ" ಎಂದರು. ನನಗೆ ಅಳು ಬಂತು. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಎಲ್ಲ ಹೇಳಿದರು, ನಾನು ಗಿರಾಕಿಗೆ ಕನ್ನಡಕ ಒರೆಸುವುದು ಹೇಗೆ ಎಂದು ಹೇಳುವಷ್ಟು ಸಹಜವಾಗಿ.

ಒಳಗಿನ ಗಾಯ ಮಾಯುವಾಗ ದಾರಿ ಗಟ್ಟಿಯಾಗಿ ಕಿರಿದಾಗುತ್ತದಂತೆ, ಒಣಗುತ್ತದಂತೆ. ತಿಂಗಳಿನದು ನಿಂತದ್ದು, ಚಳಿಯಲ್ಲೂ ನಾನು ಫ್ಯಾನು ಹಾಕುವುದು, ಎಲ್ಲ ಆ ಚಿಕಿತ್ಸೆಯ ಬಳುವಳಿ. "ಆಸೆ ಬತ್ತಿಹೋಯ್ತು ಅಂತ ಅಂದ್ಕೋಬೇಡಿ, ಮೈ ಸುಸ್ತಾಗಿರುತ್ತೆ ಅಷ್ಟೇ. ಬರುತ್ತೆ, ನಿಧಾನಕ್ಕೆ" ಎಂದರು. ನುಣುಪಾದ ಕೊಳವೆಗಳ ಒಂದು ಸೆಟ್ಟು ಕೊಟ್ಟರು, ಕಿರುಬೆರಳಿನಷ್ಟರಿಂದ ಶುರುವಾಗಿ ಒಂದಕ್ಕಿಂತ ಒಂದು ದಪ್ಪ. ಜೆಲ್ಲಿ ಹಚ್ಚಿ, ಉಸಿರು ಸಡಿಲ ಬಿಟ್ಟು, ವಾರದಲ್ಲಿ ಕೆಲವು ಸಲ ಉಪಯೋಗಿಸಬೇಕು. ಗಂಡ ಹೆಂಡತಿ ಸೇರುವುದಕ್ಕಷ್ಟೇ ಅಲ್ಲ, ಮುಂದೆ ಡಾಕ್ಟರು ಒಳಗೆ ಪರೀಕ್ಷೆ ಮಾಡುವುದಕ್ಕೂ ದಾರಿ ಬೇಕಲ್ಲ ಎಂದರು. ಆಮೇಲೆ ನಾನು ಕೇಳಲು ಹೆದರುತ್ತಿದ್ದುದನ್ನು ತಾವೇ ಹೇಳಿದರು. ಇದು ಅಂಟುವ ಕಾಯಿಲೆಯಲ್ಲ. ನನ್ನ ಮೈಯಲ್ಲಿ ಈಗ ರೇಡಿಯೇಷನ್ ಉಳಿದಿಲ್ಲ, ನನ್ನನ್ನು ಮುಟ್ಟಿದರೆ ನಿಮಗೇನೂ ಆಗುವುದಿಲ್ಲ. ತುಸು ರಕ್ತ ಕಂಡರೆ ಗಾಬರಿ ಬೇಡ, ಜಾಸ್ತಿಯಾದರೆ ಅಥವಾ ನಿಲ್ಲದಿದ್ದರೆ ಬಂದು ತೋರಿಸಬೇಕು. "ಒಂದೇ ದಾರಿ ಅಂತೇನಿಲ್ಲಮ್ಮ. ತಬ್ಬಿಕೊಂಡು ಮಲಗೋದೂ ದಾಂಪತ್ಯವೇ" ಎಂದರು. ಅಷ್ಟರಲ್ಲಿ ನಿಮ್ಮಕ್ಕ ಬಂದು, "ಕೆಳಗೆ ಹಲ್ಲುಪುಡಿ ಯಾಕೆ ಕೇಳಿದ್ರಿ ಅಂತ ನಗ್ತಿದಾರೆ" ಎಂದರು. ಸಿಸ್ಟರ್ ಚೀಟಿಯಲ್ಲಿ ಬರೆದದ್ದು ಅದು!

ಆ ಕೊಳವೆಗಳನ್ನು ನಾನು ಎಲ್ಲಿಟ್ಟಿದ್ದೇನೆ ಹೇಳಿ? ಕನ್ನಡಕದ ಡಬ್ಬಿಗಳಲ್ಲಿ. ನಮ್ಮ ಬೀರುವಿನಲ್ಲಿ ಅಂಥ ಡಬ್ಬಿಗೆ ಬರವೇ? ಆದರೆ ಒಂದು ದಿನ ನಿಮ್ಮಕ್ಕ ತಮ್ಮ ಕನ್ನಡಕ ಹುಡುಕುತ್ತಾ ಸರಿಯಾಗಿ ಅದನ್ನೇ ತೆರೆದರು. "ಇದೇನೇ ಇದು?" ನನಗೆ ಏನೂ ತೋಚದೆ, "ಡಾಕ್ಟ್ರು ಕೊಟ್ಟಿದ್ದು, ವ್ಯಾಯಾಮದ ಸಾಮಾನು" ಎಂದುಬಿಟ್ಟೆ. "ಮತ್ತೆ ಮಾಡೋದು ನಾನು ನೋಡೇ ಇಲ್ಲ? ಬಾ, ಇಬ್ರೂ ಕೂತು ಮಾಡೋಣ, ನನಗೂ ಸೊಂಟ ಹಿಡಿದಿದೆ" ಎಂದರು! ಇದು ಕೈಬೆರಳಿಗೆ ಮಾಡುವುದು, ಕೀಮೋ ತಗೊಂಡವರಿಗೆ ಮಾತ್ರ ಎಂದು ಹೇಳಿ ಪಾರಾಗುವಷ್ಟರಲ್ಲಿ ಸಾಕುಸಾಕಾಯಿತು. ಈಗ ಅವರು ಆಗಾಗ ಬಾಗಿಲ ಹೊರಗಿನಿಂದ, "ವ್ಯಾಯಾಮ ಆಯ್ತೇನೇ?" ಎಂದು ವಿಚಾರಿಸುತ್ತಾರೆ. ಈ ನಗು ನಿಮ್ಮ ಹತ್ತಿರ ಹಂಚಿಕೊಳ್ಳಲಾಗದೆ ಎಷ್ಟು ದಿನ ಒಬ್ಬಳೇ ನುಂಗಿದ್ದೇನೆ ಗೊತ್ತೇ?

ಬರೀ ನಗುವಲ್ಲ ರೀ. ಆ ಕೋಣೆಯಲ್ಲಿ ಒಬ್ಬಳೇ, ಬಾಗಿಲು ಮುಂದೆ ಮಾಡಿ, ಆ ತಣ್ಣಗಿನ ಕೊಳವೆ ಹಿಡಿದು ಮಲಗಿದಾಗ, ಇದು ಯಾರಿಗಾಗಿ ಎಂಬ ಪ್ರಶ್ನೆ ಬರುತ್ತಿತ್ತು. ಡಾಕ್ಟರ ಪರೀಕ್ಷೆಗಾಗಿ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ನಿಮಗಾಗಿ. ಅಲ್ಲ, ಅದೂ ಪೂರ್ತಿ ನಿಜವಲ್ಲ. ನನಗಾಗಿ. ನನಗೆ ಬೇಕಾಗಿತ್ತು. ಸಾವಿನ ಬಾಯಿಂದ ಎದ್ದು ಬಂದವಳಿಗೆ ಇದೆಲ್ಲ ಬೇಕೇ ಎಂದು ಜನ ಕೇಳಬಹುದು. ಎದ್ದು ಬಂದದ್ದು ಮತ್ತೆ ಯಾತಕ್ಕೆ?

ನನ್ನ ಕೆಲಸವೇ ಮುಟ್ಟುವುದು. ಎಲ್ಲರ ಕಿವಿಯ ಹಿಂದೆ ಬೆರಳಿಟ್ಟು ಕನ್ನಡಕದ ಕಡ್ಡಿ ಒತ್ತುತ್ತದೆಯೇ ನೋಡುತ್ತೇನೆ, ಗಲ್ಲ ಹಿಡಿದು ಮುಖ ನೇರ ಮಾಡುತ್ತೇನೆ. ಸಂಜೆ ಮನೆಗೆ ಬಂದರೆ ನನ್ನ ಮುಖ ಮುಟ್ಟುವವರಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಮುಟ್ಟದ ಕೈ ಉಳಿದಿರಲಿಲ್ಲ, ಆದರೆ ಎಲ್ಲ ಕೈಗೂ ಗ್ಲೌಸ್ ಇತ್ತು. ನನಗೆ ನಿಮ್ಮ ಕೈ ಬೇಕು. ಇನ್ಸುಲೇಷನ್ ಟೇಪಿನ ವಾಸನೆಯ, ಹೆಬ್ಬೆರಳ ಹತ್ತಿರ ಸುಟ್ಟ ಕಲೆಯಿರುವ, ಆ ಒರಟು ಕೈ.

ಮದುವೆಯಾದ ಹೊಸತರಲ್ಲಿ ನೀವು ನನ್ನ ಕೆನ್ನೆಯನ್ನು ಮೊದಲು ಮುಟ್ಟಿದ್ದು ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. "ಇದೇನಿದು?" ಎಂದೆ. "ನಮ್ಮ ಕೆಲಸದಲ್ಲಿ ಹೊಸದು ಯಾವುದನ್ನೂ ನೇರ ಅಂಗೈಲಿ ಮುಟ್ಟಲ್ಲ. ಮೊದಲು ಹಿಂಗೈಲಿ ನೋಡ್ತೀವಿ, ಕರೆಂಟ್ ಇದ್ಯೋ ಅಂತ" ಎಂದಿರಿ. "ಇದ್ಯಾ?" ಎಂದು ಕೇಳಿದೆ. ನೀವು ಕೈ ಕೊಡವಿಕೊಂಡು ದೂರ ಹೋಗಿ ಬಿದ್ದ ಹಾಗೆ ನಟಿಸಿದಿರಿ. ನಾವಿಬ್ಬರೂ ನಕ್ಕ ಸದ್ದಿಗೆ ಆಚೆ ಯಾರೋ ಕೆಮ್ಮಿದ್ದರು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ನನ್ನದೇ ಹಿಂಗೈಯನ್ನು ಕೆನ್ನೆಗೆ ಒತ್ತಿ ನೋಡಿಕೊಳ್ಳುತ್ತೇನೆ. ಅದು ಅದಲ್ಲ.

ಡಾಕ್ಟ್ರಮ್ಮಾ ಎಂದು ನೀವು ಕರೆದು ಎಷ್ಟು ಕಾಲವಾಯಿತು! ನಾನು ಕಣ್ಣು ಪರೀಕ್ಷೆ ಮಾಡುವವಳೆಂದು ಹೊಸತರಲ್ಲಿ ಚುಡಾಯಿಸಲು ಇಟ್ಟ ಹೆಸರು. ಮನೆಗೆ ನಿಜವಾದ ಡಾಕ್ಟರರ ಮಾತು ಬಂದ ಮೇಲೆ ಅದನ್ನು ಮಡಿಸಿಟ್ಟಿರಿ. ಈಗ ನನಗೆ ಹೆಸರೇ ಇಲ್ಲ, "ಮಾತ್ರೆ ತಗೊಂಡ್ಯಾ" ಎಂಬುದೇ ನನ್ನ ಹೆಸರು.

ಹೋದ ವಾರ ತಪಾಸಣೆ ಆಯಿತು. ಡಾಕ್ಟರು, "ಒಳಗೆ ಚೆನ್ನಾಗಿ ಮಾಗಿದೆ, ಇನ್ನು ಮುಂದಿನ ತಪಾಸಣೆಗೆ ಬಂದ್ರೆ ಸಾಕು" ಎಂದರು. ಈ ಸಲ ನಾನೇ ನಿಮ್ಮಕ್ಕನನ್ನು ಹೊರಗೆ ಕೂರಿಸಿ, ಬಾಯಿಬಿಟ್ಟು ಕೇಳಿದೆ. ಅವರು ತಲೆ ಎತ್ತಿ ನೋಡಿ, "ಧಾರಾಳವಾಗಿ" ಎಂದರು. ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ.

ಆದ್ದರಿಂದ ಕೇಳಿ. ಆ ಬೋರ್ಡು ತಗಲಿಸಿದವಳು ನಾನು. ಈ ಶುಕ್ರವಾರ, ಹಗಲು ಹೊತ್ತಿನಲ್ಲಿ, ಯಾರ ಮುಲಾಜೂ ಇಲ್ಲದೆ, ನಾನೇ ತೆಗೆದಿದ್ದೇನೆ. ಮುಟ್ಟಿ. ಮೊದಲು ಹಿಂಗೈಯಿಂದ ನೋಡಿ, ನಿಮ್ಮ ಪದ್ಧತಿ ಬಿಡಬೇಡಿ. ನಿಧಾನಕ್ಕೆ. ನೋವಾದರೆ ಹೇಳುತ್ತೇನೆ, ಸಾಕು ಎಂದರೆ ಸಾಕು. ಬರೀ ಕೈ ಹಿಡಿದು ಮಲಗಿದರೂ ಆದೀತು. ಆದರೆ ಆ ನಡುಮನೆಯ ಮಂಚ ಮಾತ್ರ ಇನ್ನು ನಿಮ್ಮಕ್ಕನ ಸೊಂಟಕ್ಕೆ.

ಈ ಕಾಗದವನ್ನು ಫೋರ್ಮನ್ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರು ತೆರೆದು ಓದುತ್ತಾರೆಂಬ ಭಯವಿಲ್ಲ. ಅವರ ಹಳೆಯ ಕನ್ನಡಕ ಗಾಜು ಬದಲಿಸಲು ನನ್ನ ಅಂಗಡಿಯಲ್ಲಿದೆ, ಹೊಸ ಗಾಜು ಬರುವುದು ಮುಂದಿನ ವಾರ. ಜೊತೆಗೆ ಮಫ್ಲರು, ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ. ನಿಮ್ಮಕ್ಕ ನೂರು ವರ್ಷ ಬಾಳು ಎಂದು ಹರಸಿದ್ದಾರೆ, ಕಿವಿ ಮುಚ್ಚಿಕೊಂಡು ಓಡಾಡು ಎಂದೂ ಹೇಳಿದ್ದಾರೆ. ನೀವು ಮುಟ್ಟುವ ತಂತಿಯೆಲ್ಲ ತಣ್ಣಗಿರಲಿ, ನಿಮ್ಮನ್ನು ಕಾಯುವ ದೇವರು ಕಣ್ಣು ಮಿಟುಕಿಸದಿರಲಿ.

ಇಂತು ನಿಮ್ಮ,
ಡಾಕ್ಟ್ರಮ್ಮ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲಾಗದೆ ಇಷ್ಟೆಲ್ಲ ಬರೆದೆ. ನೀವು ಹೊರಡುವ ಬೆಳಿಗ್ಗೆ ಸ್ವೆಟರ್ ತೆಗೆದುಕೊಳ್ಳಲು ಕೋಣೆಗೆ ಬಂದಿರಿ. ನಾನು ಸ್ನಾನ ಮುಗಿಸಿ ಸೀರೆ ಉಡುತ್ತಿದ್ದೆ, ಇನ್ನೂ ಉಟ್ಟಿರಲಿಲ್ಲ. ನೀವು ನನ್ನ ಹೊಟ್ಟೆ ನೋಡಿದಿರಿ, ಬಣ್ಣಗೆಟ್ಟ ಚರ್ಮ ನೋಡಿದಿರಿ. ತಟ್ಟನೆ ಗೋಡೆಯ ಕಡೆ ತಿರುಗಿ, ಯಾರೋ ಪರ ಹೆಂಗಸಿಗೆ ಹೇಳುವ ಹಾಗೆ "ಸಾರಿ" ಎಂದು ಬಾಗಿಲೆಳೆದುಕೊಂಡು, ಸ್ವೆಟರ್ ಇಲ್ಲದೆಯೇ ಹೊರಟುಹೋದಿರಿ. ಫೋರ್ಮನ್ ಹೇಳಿದ ಕಥೆಯಿಂದ ಮಿಕ್ಕದ್ದೆಲ್ಲ ಅರ್ಥವಾಯಿತು, ಇದೊಂದು ಆಗಲಿಲ್ಲ. ನಾನು ಮುಟ್ಟಬೇಡಿ ಎಂದಿದ್ದೆ. ನೋಡಬೇಡಿ ಎಂದಿರಲಿಲ್ಲ.

ನನ್ನ ಬೀಗದ ಪಕ್ಕದಲ್ಲಿ ನಿಮ್ಮದೂ ಒಂದು ಇದೆಯೇನೋ. ಇದ್ದರೆ ಅದನ್ನು ನಾನು ತೆಗೆಯಲಾರೆ, ಯಾಕೆ ಹಾಕಿದಿರಿ ಎಂದು ಕೇಳುವುದೂ ಇಲ್ಲ. ನಿಮ್ಮಿಂದಲೇ ಕಲಿತದ್ದು. ಸ್ವೆಟರನ್ನು ಫೋರ್ಮನ್ ಕೈಗೆ ಕೊಡಲಿಲ್ಲ. ಅದು ಕೋಣೆಯೊಳಗೆ, ಅದೇ ಗೂಟದಲ್ಲಿದೆ. ನೀವೇ ಬಂದು ತೆಗೆದುಕೊಳ್ಳಿ. ನಾನು ಕುರ್ಚಿ ಹಾಕಿಕೊಂಡು ಕೂತಿದ್ದೇನೆ.